ಬಡಾವಣೆಗೆ ಗ್ಯಾಸ್ ಲೈನ್ ಬರುತ್ತಿದೆ, ಕಂಪನಿಯವರನ್ನು ಏನು ಕೇಳಬೇಕು? (ಹಾಸನ)

ಪ್ರಶ್ನೆ – ಸಾಲಗಾಮೆ ರಸ್ತೆ ನಿವಾಸಿ

ಎಲ್ಲರಿಗೂ ನಮಸ್ಕಾರ. ಹಾಸನದ ಸಾಲಗಾಮೆ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿದ್ದೇನೆ, ಇಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ನಮ್ಮ ಕ್ರಾಸ್‌ಗಳಲ್ಲಿ ಮನೆಮನೆಗೆ ಗ್ಯಾಸ್ ಲೈನ್ ಎಳೆಯುವ ಕೆಲಸ ಶುರುವಾಗಲಿದೆ. ಅದಕ್ಕೂ ಮುಂಚೆ ಭಾನುವಾರ ಸಂಘದ ಸಭೆಗೆ ಬಂದು ಮಾತಾಡ್ತೀವಿ ಅಂತ ಗ್ಯಾಸ್ ಕಂಪನಿಯವರು ಹೇಳಿದ್ದಾರೆ.

ಮೊದಲೇ ಹೇಳಿಬಿಡ್ತೀನಿ, ನಾನು ಲೈನ್ ಬೇಡ ಅನ್ನುವವಳಲ್ಲ. ನಮ್ಮ ಬೀದಿಯಲ್ಲಿ ವಯಸ್ಸಾದವರೇ ಹೆಚ್ಚು, ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ಸಿಲಿಂಡರ್ ಖಾಲಿಯಾದರೆ ಬದಲಾಯಿಸಿಕೊಡೋಕೆ ಪಕ್ಕದ ಮನೆ ಹುಡುಗರನ್ನು ಕಾಯಬೇಕು. ಅಂಥವರಿಗೆ ಲೈನ್ ಬಂದರೆ ನಿಜವಾಗಿ ಅನುಕೂಲ. ನನಗೆ ಭಯ ಇರೋದು ನಮ್ಮ ರಸ್ತೆಯ ಕೆಳಗೆ ಏನೇನಿದೆ ಅನ್ನೋದು ಯಾರಿಗೂ ಗೊತ್ತಿಲ್ಲ ಅನ್ನುವ ಕಾರಣಕ್ಕೆ.

ಒಂದು ಉದಾಹರಣೆ ಹೇಳ್ತೀನಿ. ಹಿಂದೆ ಯಾವುದೋ ಕೇಬಲ್‌ನವರು ರಸ್ತೆ ಅಗೆಯದೆ, ಮೆಷಿನ್ನಿನಲ್ಲಿ ನೆಲದೊಳಗೇ ಕೊರೆದುಕೊಂಡು ಹೋದರು. ಎಲ್ಲರಿಗೂ ಖುಷಿ, ರಸ್ತೆ ಹಾಳಾಗಲಿಲ್ಲವಲ್ಲ ಅಂತ. ಮಳೆಗಾಲ ಬಂತು, ಮೂಲೆ ಮನೆಯವರ ಬಚ್ಚಲಿಗೆ ಕೊಳಚೆ ಉಕ್ಕಿತು. ಅಗೆದು ನೋಡಿದರೆ ಯುಜಿಡಿ (ನೆಲದಡಿಯ ಒಳಚರಂಡಿ) ಪೈಪಿನ ಹೊಟ್ಟೆಯೊಳಗೆ ಈ ಕಡೆಯಿಂದ ಆ ಕಡೆಗೆ ಕೇಬಲ್ ಕೊಳವೆ ಹಾದುಹೋಗಿದೆ! ಅದಕ್ಕೆ ಕೂದಲು, ಬಟ್ಟೆಚೂರು, ಶಾಂಪೂ ಕವರು ಸುತ್ತಿಕೊಂಡು ಲೈನೇ ಕಟ್ಟಿಹೋಗಿತ್ತು. ಅವತ್ತು ಅಲ್ಲಿ ನಿಂತು ನೋಡಿದಾಗ ನನಗೆ ಬಂದ ಯೋಚನೆ ಒಂದೇ: ಇದು ಕೇಬಲ್ ಆಗಿದ್ದಕ್ಕೆ ಬಚ್ಚಲು ಉಕ್ಕಿತು, ಗ್ಯಾಸ್ ಕೊಳವೆ ಆಗಿದ್ದರೆ?

ಇದರ ಮೇಲೆ ನಮ್ಮ ರಸ್ತೆಯ ಎರಡೂ ಬದಿ ಚರಂಡಿ. ಅರ್ಧ ಕಡೆ ಕಲ್ಲು ಚಪ್ಪಡಿ ಮುಚ್ಚಿದ್ದಾರೆ, ಉಳಿದರ್ಧಕ್ಕೆ ಕಾರು ಹತ್ತಿಸೋಕೆ ಅವರವರೇ ಕಾಂಕ್ರೀಟ್ ಹಾಕಿಕೊಂಡಿದ್ದಾರೆ. ಕುಡಿಯುವ ನೀರಿನ ಹಳೇ ಲೈನ್, ಹೊಸ ಲೈನ್ ಎರಡೂ ಇವೆ.

ಕಂಪನಿಯವರು ಕೊಟ್ಟ ಕರಪತ್ರದಲ್ಲಿ ‘ಶೇಕಡಾ ನೂರು ಸುರಕ್ಷಿತ, ಗಾಳಿಗಿಂತ ಹಗುರ, ಸೋರಿದರೂ ಮೇಲೆ ಹೋಗಿಬಿಡುತ್ತದೆ’ ಅಂತ ಬರೆದಿದ್ದಾರೆ. ಅಷ್ಟಕ್ಕೇ ಸಮಾಧಾನ ಪಟ್ಟುಕೊಳ್ಳಬಹುದಾ? ಅಪಾಯ ಎಷ್ಟಿದೆ ಅಂತ ಅಳೆಯುವ ಕ್ರಮ ಏನಾದರೂ ಇದೆಯಾ? ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಸಾಮಾನ್ಯ ಜನಕ್ಕೆ ಅರ್ಥವಾಗುವ ಹಾಗೆ ಹೇಳಿ. ಸಭೆಯಲ್ಲಿ ಕೇಳಬೇಕಾದ್ದನ್ನು ಬರೆದಿಟ್ಟುಕೊಳ್ತೀನಿ.

ಉತ್ತರ – ಆಲೂರಿನವ

ಮೇಡಂ, ನಾನು ಆಲೂರು ತಾಲ್ಲೂಕಿನವನು, ಓದಿದ್ದು ಹಾಸನದಲ್ಲಿ. ಈಗ ಬೇರೆ ಊರಿನಲ್ಲಿ ಗ್ಯಾಸ್ ಜಾಲದ ನಿರ್ವಹಣೆಯಲ್ಲಿದ್ದೇನೆ. ಸೋರಿಕೆ ಹುಡುಕುವುದು, ರಿಪೇರಿ, ರಾತ್ರಿಯ ತುರ್ತು ಕರೆ, ಇವೇ ನನ್ನ ಕೆಲಸ. ಯುಜಿಡಿ ಪೈಪಿನೊಳಗೆ ಕೇಬಲ್ ಹೊಕ್ಕಿದ್ದನ್ನು ನೋಡಿ ನಿಮಗೆ ಬಂದ ಯೋಚನೆ ನಮ್ಮ ವಿಭಾಗದವರಿಗೂ ನಿದ್ದೆ ಕೆಡಿಸುವಂಥದ್ದೇ. ಅದಕ್ಕೆ ಆಮೇಲೆ ಬರುತ್ತೇನೆ.

ಕರಪತ್ರದ ಮಾತು ಅರ್ಧ ನಿಜ. ನೈಸರ್ಗಿಕ ಅನಿಲ ಎಂದರೆ ಬಹುಪಾಲು ಮೀಥೇನ್, ತೂಕದಲ್ಲಿ ಗಾಳಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಬಯಲಿನಲ್ಲಿ ಸೋರಿದರೆ ಮೇಲೇರಿ ಚದುರುತ್ತದೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ತಗ್ಗಿನಲ್ಲಿ ಕೂರುತ್ತದೆ. ಆ ಲೆಕ್ಕದಲ್ಲಿ ಲೈನ್ ಗ್ಯಾಸ್ ವಾಸಿ. ಆದರೆ ಕೊಳವೆ ಇರುವುದು ಬಯಲಿನಲ್ಲಿ ಅಲ್ಲ, ನೆಲದ ಒಂದು ಮೀಟರ್ ಕೆಳಗೆ. ಅಲ್ಲಿ ಸೋರಿದ ಗ್ಯಾಸ್ ಮೇಲೆ ಬರಬೇಕಾದರೆ ಮಣ್ಣು ಬಿಟ್ಟುಕೊಡಬೇಕು. ಮೇಲೆ ಕಾಂಕ್ರೀಟ್ ರಸ್ತೆ ಇದ್ದರೆ, ಮಳೆ ಬಿದ್ದು ಮಣ್ಣು ಒದ್ದೆಯಾಗಿ ಬಿಗಿದುಕೊಂಡಿದ್ದರೆ, ಅದು ಮೇಲಕ್ಕೆ ಬರುವುದಿಲ್ಲ, ಅಡ್ಡಕ್ಕೆ ಹೋಗುತ್ತದೆ. ಯುಜಿಡಿ ಲೈನಿನ ಸುತ್ತ ತುಂಬಿದ ಸಡಿಲ ಮಣ್ಣು, ಕೇಬಲ್ ಡಕ್ಟ್, ಚಪ್ಪಡಿ ಮುಚ್ಚಿದ ಚರಂಡಿ, ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ನುಗ್ಗುತ್ತದೆ. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಸೇರಿದಾಗ ಒಂದು ಕಿಡಿ ಸಾಕು. ಬಯಲಿನಲ್ಲಿ ಶೇ 5 ಮುಟ್ಟುವುದು ಕಷ್ಟ, ಮುಚ್ಚಿದ ಜಾಗದಲ್ಲಿ ಬಲು ಸುಲಭ.

ಹಾಗಾಗಿ ಸಭೆಯಲ್ಲಿ ಉಳಿದದ್ದು ಮರೆತರೂ ಇದೊಂದನ್ನು ಹಿಡಿದುಕೊಳ್ಳಿ: ಗ್ಯಾಸ್ ಸೋರುವ ಜಾಗ ಬೇರೆ, ಅನಾಹುತ ಆಗುವ ಜಾಗ ಬೇರೆ. ಕಂಪನಿಯವರು ಕೊಳವೆಯ ಗುಣಮಟ್ಟದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ, ಅದು ಒಳ್ಳೆಯ ಕೊಳವೆಯೇ. ನೀವು ಕೇಳಬೇಕಾದ್ದು ಕೊಳವೆಗೂ ಮನೆಗಳಿಗೂ ನಡುವೆ ನೆಲದೊಳಗೆ ಏನೇನು ದಾರಿಗಳಿವೆ, ಅವನ್ನು ಯಾರು ನೋಡಿದ್ದಾರೆ ಎಂದು.

2021ರ ಜೂನ್ 13ರಂದು ಚೀನಾದ ಹುಬೈ ಪ್ರಾಂತ್ಯದ ಶಿಯಾನ್ ನಗರದಲ್ಲಿ ಬೆಳಿಗ್ಗೆ ಹೊತ್ತು ಒಂದು ಮಾರುಕಟ್ಟೆ ಕಟ್ಟಡ ಸ್ಫೋಟಗೊಂಡು 25ಕ್ಕೂ ಹೆಚ್ಚು ಜನ ಸತ್ತರು. ಕಟ್ಟಡದ ಕೆಳಗೆ ಹಳ್ಳ ಹರಿಯುತ್ತಿತ್ತು, ಅದನ್ನು ಮುಚ್ಚಿ ಮೇಲೆ ಕಟ್ಟಿದ್ದರು. ಆ ಮುಚ್ಚಿದ ಜಾಗದಲ್ಲಿ ಹಾದುಹೋಗಿದ್ದ ಗ್ಯಾಸ್ ಕೊಳವೆ ತುಕ್ಕು ತಿಂದು ತೂತಾಗಿತ್ತು. ಅದೇ ತೂತು ಬಯಲಿನಲ್ಲಿ ಆಗಿದ್ದರೆ ವಾಸನೆ ಬರುತ್ತಿತ್ತು, ಯಾರಾದರೂ ಫೋನ್ ಮಾಡುತ್ತಿದ್ದರು, ರಿಪೇರಿ ಆಗುತ್ತಿತ್ತು. ನಿಮ್ಮ ರಸ್ತೆಯ ಕಾಂಕ್ರೀಟ್ ಮುಚ್ಚಿದ ಚರಂಡಿ ಅದರ ಸಣ್ಣ ರೂಪ. ಕೊಳವೆ ಹಾಕುವ ಮುಂಚೆ ಆ ಚರಂಡಿಗೆ ಅಲ್ಲಲ್ಲಿ ಜಾಲರಿ ಮುಚ್ಚಳ ಹಾಕಿಸಲು ಸಂಘವೇ ಒತ್ತಾಯಿಸಬೇಕು. ಖರ್ಚು ಕಡಿಮೆ, ಪ್ರಯೋಜನ ದೊಡ್ಡದು.

ಒತ್ತಡದ ಬಗ್ಗೆ ಒಂದು ಮಾತು. ಊರಿಗೆ ಬರುವ ಉಕ್ಕಿನ ಮುಖ್ಯ ಕೊಳವೆಯಲ್ಲಿ ಒತ್ತಡ ಬಹಳ ಹೆಚ್ಚು. ಅದನ್ನು ಡಿಆರ್‌ಎಸ್ ಎಂಬ ಒತ್ತಡ ತಗ್ಗಿಸುವ ಕೇಂದ್ರದಲ್ಲಿ ಇಳಿಸಿ, ಬೀದಿಯ ಎಂಡಿಪಿಇ ಪ್ಲಾಸ್ಟಿಕ್ ಕೊಳವೆಗೆ 4 ಬಾರ್ ವರೆಗೆ ಬಿಡುತ್ತಾರೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಮನೆಯ ಹೊರಗಿನ ರೆಗ್ಯುಲೇಟರ್ ದಾಟಿ ಒಲೆಗೆ ಬರುವ ಹೊತ್ತಿಗೆ 21 ಮಿಲಿಬಾರ್, ಅಂದರೆ ಒಂದು ಗೇಣು ಎತ್ತರದ ನೀರಿನ ತಳದಲ್ಲಿ ಇರುವಷ್ಟೇ. ಮನೆಯೊಳಗಿನ ಲೈನ್ ಬಗ್ಗೆ ಜನ ಹೆಚ್ಚು ಹೆದರುತ್ತಾರೆ. ನಾನು ಹೆದರುವುದು ಬೀದಿಯ 4 ಬಾರ್ ಲೈನಿಗೆ, ಅದರಲ್ಲೂ ಬೇರೆಯವರು ಬಂದು ಅಗೆಯುವ ದಿನಗಳಲ್ಲಿ.

ಈಗ ವಾಸನೆ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. 1937ರಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಗ್ಯಾಸ್ ತುಂಬಿಕೊಂಡು ಸ್ಫೋಟವಾಗಿ ಮುನ್ನೂರರ ಆಸುಪಾಸು ಮಕ್ಕಳು, ಶಿಕ್ಷಕರು ಸತ್ತರು. ಗ್ಯಾಸಿಗೆ ವಾಸನೆ ಬೆರೆಸುವ ಕಾನೂನು ಅದರ ನಂತರ ಬಂತು. ಸ್ಫೋಟಕ್ಕೆ ಬೇಕಾದ ಕನಿಷ್ಠ ಪ್ರಮಾಣದ ಐದನೇ ಒಂದು ಭಾಗ, ಅಂದರೆ ಗಾಳಿಯಲ್ಲಿ ಶೇ 1ರಷ್ಟು ಗ್ಯಾಸ್ ಇರುವಾಗಲೇ ಮೂಗಿಗೆ ತಿಳಿಯಬೇಕು ಎಂಬುದು ಅಳತೆ. ಆದರೆ ಮಣ್ಣಿನೊಳಗೆ ದೂರ ಸಾಗಿ ಬಂದ ಗ್ಯಾಸಿನ ವಾಸನೆಯನ್ನು ಮಣ್ಣು ಹೀರಿಕೊಳ್ಳುತ್ತದೆ, ಜೇಡಿಮಣ್ಣಾದರೆ ಇನ್ನೂ ಹೆಚ್ಚು. ಚರಂಡಿಯೊಳಗೆ ಮೊದಲೇ ನಾತ, ಅದರಲ್ಲಿ ಇದು ಬೇರೆ ಎಂದು ಗುರುತಿಸುವುದು ಹೇಗೆ? ಆದ್ದರಿಂದ ಮೂಗನ್ನೇ ನಂಬಿ ಕೂರುವ ಹಾಗಿಲ್ಲ, ಮೀಟರ್ ಹಿಡಿದು ನಡೆಯಬೇಕು. ನಾವು ಕೊಳವೆಯ ಮೇಲಿನ ನೆಲಕ್ಕೆ ಕಬ್ಬಿಣದ ಸರಳಿನಿಂದ ಸಣ್ಣ ತೂತು ಹೊಡೆದು ಅದರೊಳಗೆ ಮೀಟರಿನ ನಳಿಕೆ ಇಳಿಸಿ ಓದುತ್ತೇವೆ, ಒಂದರ ಪಕ್ಕ ಒಂದು ತೂತು. ಎಲ್ಲಿ ಓದು ಏರುತ್ತಾ ಹೋಗಿ ಮತ್ತೆ ಇಳಿಯುತ್ತದೋ ಆ ನಡುವೆ ಸೋರಿಕೆ. ಮ್ಯಾನ್‌ಹೋಲಿನಲ್ಲಿ ಮೀಥೇನ್ ಸಿಕ್ಕಿದರೆ ಅದು ಕೊಳಚೆಯಿಂದಲೇ ಹುಟ್ಟಿದ್ದೂ ಇರಬಹುದು. ಆಗ ಈಥೇನ್ ಎಂಬ ಇನ್ನೊಂದು ಅನಿಲ ಇದೆಯೇ ನೋಡುತ್ತೇವೆ. ಕೊಳಚೆಯ ಗ್ಯಾಸಿನಲ್ಲಿ ಈಥೇನ್ ಇರುವುದಿಲ್ಲ, ಕೊಳವೆಯ ಗ್ಯಾಸಿನಲ್ಲಿ ಇರುತ್ತದೆ. ‘ನಮ್ಮ ಬೀದಿಯ ಯುಜಿಡಿ ಚೇಂಬರುಗಳನ್ನೂ ಸೋರಿಕೆ ಸರ್ವೆಯಲ್ಲಿ ಸೇರಿಸುತ್ತೀರಾ, ವರ್ಷಕ್ಕೆ ಎಷ್ಟು ಸಲ?’ ಎಂದು ಕೇಳಿ. ಉತ್ತರ ತಡವರಿಸಿದರೆ ನಿಮಗೇ ತಿಳಿಯುತ್ತದೆ.

ನಿಮ್ಮ ಮೂಲೆ ಮನೆಯ ಪ್ರಸಂಗಕ್ಕೆ ಬರುತ್ತೇನೆ. ಗ್ಯಾಸ್ ಕೊಳವೆಯನ್ನೂ ಎಷ್ಟೋ ಕಡೆ ಅದೇ ರೀತಿ ನೆಲದೊಳಗೆ ಕೊರೆದು ಎಳೆಯುತ್ತಾರೆ. ಅದು ಯುಜಿಡಿ ಪೈಪನ್ನು ಸೀಳಿಕೊಂಡು ಹೋದರೆ ಆ ದಿನ ಏನೂ ಆಗುವುದಿಲ್ಲ, ಕೊಳವೆ ಗಟ್ಟಿಯಾಗಿರುತ್ತದೆ, ಒತ್ತಡ ಪರೀಕ್ಷೆಯಲ್ಲೂ ಪಾಸಾಗುತ್ತದೆ. ತಿಂಗಳೋ ವರ್ಷವೋ ಕಳೆದು ಯುಜಿಡಿ ಕಟ್ಟಿಕೊಂಡಾಗ ಜೆಟ್ಟಿಂಗ್ ಗಾಡಿಯವರು ಬಂದು ರಭಸದ ನೀರು ಬಿಡುತ್ತಾರೆ, ಇಲ್ಲವೇ ಕತ್ತರಿಸುವ ತುದಿಯಿರುವ ಸರಳು ತಿರುಗಿಸುತ್ತಾರೆ. ಅಡ್ಡ ಸಿಕ್ಕ ಕೊಳವೆ ಹರಿಯುತ್ತದೆ. ಗ್ಯಾಸ್ ನೇರವಾಗಿ ಯುಜಿಡಿಯೊಳಗೆ, ಅಲ್ಲಿಂದ ಸುತ್ತಲಿನ ಮನೆಗಳ ಬಚ್ಚಲು, ಶೌಚಾಲಯಕ್ಕೆ. ಅಮೆರಿಕದಲ್ಲಿ ಇಂಥ ಸ್ಫೋಟಗಳು ಆದ ಮೇಲೆ, ಕೊಳವೆ ಎಳೆದ ನಂತರ ಒಳಚರಂಡಿಯೊಳಗೆ ಕ್ಯಾಮೆರಾ ಬಿಟ್ಟು ನೋಡುವ ರೂಢಿ ಬಂತು. ನೀವು ಇದನ್ನು ಲಿಖಿತವಾಗಿ ಕೇಳಿ: ಕೊರೆಯುವ ಮುಂಚೆ ಒಳಚರಂಡಿ ಅಡ್ಡ ಬರುವ ಪ್ರತಿ ಜಾಗದಲ್ಲೂ ಕೈಯಲ್ಲಿ ಗುಂಡಿ ತೆಗೆದು ಪೈಪು ಕಣ್ಣಿಗೆ ಕಾಣಿಸಬೇಕು, ಕೊರೆದ ಮೇಲೆ ಆ ಭಾಗಕ್ಕೆ ಕ್ಯಾಮೆರಾ ಬಿಟ್ಟ ವಿಡಿಯೊ ಕೊಡಬೇಕು. ಇದಕ್ಕೆ ಒಪ್ಪದಿದ್ದರೆ ನಿಮ್ಮ ಬೀದಿಯಲ್ಲಿ ಕೊರೆಯುವುದು ಬೇಡ, ಅಗೆದೇ ಹಾಕಿ ಎನ್ನಿ. ರಸ್ತೆ ಹಾಳಾದರೆ ಮತ್ತೆ ಹಾಕಬಹುದು.

ಇನ್ನು ‘ಅಳೆಯುವ ಕ್ರಮ’. ಜಾಲವನ್ನು ತುಂಡುತುಂಡಾಗಿ ವಿಂಗಡಿಸಿ ಪ್ರತಿ ತುಂಡಿಗೂ ಎರಡು ಪ್ರಶ್ನೆ ಹಾಕುತ್ತಾರೆ: ಇಲ್ಲಿ ಸೋರಿಕೆ ಆಗುವ ಸಾಧ್ಯತೆ ಎಷ್ಟು, ಸೋರಿಕೆ ಆದರೆ ನಷ್ಟ ಎಷ್ಟು. ಮೊದಲನೆಯದಕ್ಕೆ ಆಳ, ಜೋಡಣೆ, ಮಣ್ಣು, ಆ ಬೀದಿಯಲ್ಲಿ ಎಷ್ಟು ಅಗೆತ ನಡೆಯುತ್ತದೆ ಎಂಬುದು. ಎರಡನೆಯದಕ್ಕೆ ಒತ್ತಡ, ಕೊಳವೆಯ ಗಾತ್ರ, ಶಾಲೆ, ಆಸ್ಪತ್ರೆ, ಜನಸಂದಣಿ, ಮುಚ್ಚಿದ ಜಾಗಗಳು. ಅಂಕ ಕೊಟ್ಟು ಗುಣಿಸಿ, ಮೇಲಿರುವ ತುಂಡುಗಳಿಗೆ ಮೊದಲು ಕೈ ಹಾಕುತ್ತಾರೆ. ಕ್ರಮ ಸರಿಯಾದದ್ದೇ. ತೊಂದರೆ ಎರಡು ಕಡೆ. ಒಂದು, ಹತ್ತು ಅಂಶಗಳ ಸರಾಸರಿ ತೆಗೆದಾಗ ಒಂಬತ್ತು ಚೆನ್ನಾಗಿದ್ದು ಒಂದು ಭೀಕರವಾಗಿದ್ದರೂ ಆ ಬೀದಿ ಹಸಿರು ಬಣ್ಣದಲ್ಲೇ, ಅಂದರೆ ಅಪಾಯ ಕಡಿಮೆ ಎಂಬ ಪಟ್ಟಿಯಲ್ಲೇ, ಉಳಿಯುತ್ತದೆ. ಎರಡು, ಅಂಕ ಒಮ್ಮೆ ಕೊಟ್ಟರೆ ಹಾಗೇ ಇರುತ್ತದೆ, ಊರು ಹಾಗೇ ಇರುವುದಿಲ್ಲ. ಹಾಸನಾಂಬೆಯ ಬಾಗಿಲು ತೆರೆದ ದಿನಗಳನ್ನೇ ನೋಡಿ. ವರ್ಷವೆಲ್ಲ ಖಾಲಿಯಿರುವ ಬೀದಿಗಳಲ್ಲಿ ಲಕ್ಷಾಂತರ ಜನ ಸರತಿಯಲ್ಲಿ ನಿಂತಿರುತ್ತಾರೆ, ಬ್ಯಾರಿಕೇಡಿಗೆ, ಶಾಮಿಯಾನಕ್ಕೆ ನೆಲಕ್ಕೆ ಗೂಟ ಹೊಡೆಯುತ್ತಾರೆ, ಜನರೇಟರ್ ಇಟ್ಟಿರುತ್ತಾರೆ, ಪಕ್ಕದಲ್ಲೇ ಒಲೆ ಹೂಡಿ ಪ್ರಸಾದ ಮಾಡುತ್ತಾರೆ. ಕೊಳವೆ ಅದೇ, ಅಪಾಯದ ಲೆಕ್ಕ ಪೂರ್ತಿ ಬೇರೆ. ಆ ಬೀದಿಗಳಿಗೆ ಕೊಳವೆ ಹೋಗುವುದಾದರೆ ಜಾತ್ರೆಯ ಅಂಕ ಬೇರೆಯಾಗಿಯೇ ಹಾಕಬೇಕು, ಬಾಗಿಲು ತೆರೆಯುವ ಮುನ್ನ ಸೋರಿಕೆ ಸರ್ವೆ ಆಗಲೇಬೇಕು. ನಮ್ಮೂರಿನ ಬಗ್ಗೆ ನಮಗೆ ಗೊತ್ತಿರುವ ಇದನ್ನು ಹೊರಗಿನಿಂದ ಬಂದ ಕನ್ಸಲ್ಟೆಂಟ್ ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿರಲಾರ, ಹೇಳಬೇಕಾದವರು ನಾವೇ.

ಕಾಗದ ಏನೇನು ಇರಬೇಕು ಎಂದರೆ, 2006ರ ಕಾಯ್ದೆಯಡಿ ಬಂದ ಪಿಎನ್‌ಜಿಆರ್‌ಬಿ (ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ) ಮಂಡಳಿ 2008ರಲ್ಲಿ ತಾಂತ್ರಿಕ ಮತ್ತು ಸುರಕ್ಷತಾ ಮಾನದಂಡ, 2010ರಲ್ಲಿ ತುರ್ತು ಪ್ರತಿಕ್ರಿಯೆ ಯೋಜನೆ, 2013ರಲ್ಲಿ ಜಾಲದ ಸಮಗ್ರತೆ, ಅಂದರೆ ಎಲ್ಲೂ ಸೋರದಂತೆ ಗಟ್ಟಿಯಾಗಿ ಕಾಪಾಡುವ ಬಗ್ಗೆ ನಿಯಮಗಳನ್ನು ತಂದಿದೆ. ಕಂಪನಿ ಬಳಿ ಇವುಗಳ ಪ್ರಕಾರ ದಾಖಲೆ ಇರಲೇಬೇಕು. ಪೂರ್ತಿ ಕೊಡದಿದ್ದರೂ ನಿಮ್ಮ ಬೀದಿಗೆ ಸಂಬಂಧಿಸಿದ ಪುಟಗಳನ್ನು ತೋರಿಸಲು ಕೇಳುವುದರಲ್ಲಿ ತಪ್ಪಿಲ್ಲ.

ಕೊನೆಗೆ, ನಕ್ಷೆ. ಕೆಲಸ ಮುಗಿದ ಮೇಲೆ ನಿಜವಾಗಿ ಎಲ್ಲಿ, ಎಷ್ಟು ಆಳದಲ್ಲಿ ಹಾಕಿದ್ದಾರೆ ಎಂಬ ನಕ್ಷೆ ಬೇಕು, ಹಾಕಬೇಕೆಂದಿದ್ದದ್ದರ ನಕ್ಷೆ ಅಲ್ಲ. 2018ರ ಸೆಪ್ಟೆಂಬರ್ 13ರಂದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಸುತ್ತಮುತ್ತ ಒಂದೇ ಸಂಜೆ ಹತ್ತಾರು ಮನೆಗಳಿಗೆ ಬೆಂಕಿ ಬಿತ್ತು. ಹಳೇ ಬೀಡುಕಬ್ಬಿಣದ ಕೊಳವೆ ಬದಲಿಸುವ ಕೆಲಸ ನಡೆದಿತ್ತು. ರೆಗ್ಯುಲೇಟರಿಗೆ ಒತ್ತಡ ತಿಳಿಸುವ ಸಣ್ಣ ಕೊಳವೆಗಳು ಆ ಹಳೇ ಲೈನಿಗೇ ಅಂಟಿಕೊಂಡಿದ್ದವು, ಕೆಲಸದ ಕಾಗದದಲ್ಲಿ ಅವುಗಳ ಮಾತೇ ಇರಲಿಲ್ಲ. ಹಳೇ ಲೈನ್ ಕತ್ತರಿಸಿದಾಗ ಒತ್ತಡ ಬಿತ್ತೆಂದು ತಿಳಿದ ರೆಗ್ಯುಲೇಟರುಗಳು ಪೂರ್ತಿ ತೆರೆದುಕೊಂಡು ಮನೆಗಳಿಗೆ ವಿಪರೀತ ಒತ್ತಡ ನುಗ್ಗಿಸಿದವು. ಕೊಳವೆ ಒಡೆದಿರಲಿಲ್ಲ, ಯಾರೂ ಅಗೆದು ಹಾನಿ ಮಾಡಿರಲಿಲ್ಲ. ಕಾಗದದಲ್ಲಿ ಇಲ್ಲದ ಸಣ್ಣ ಕೊಳವೆಗಳಿಗೆ ಒಬ್ಬ ಹುಡುಗ ಪ್ರಾಣ ತೆತ್ತ.

ಉತ್ತರ – ಜೆಸಿಬಿ, ಚನ್ನರಾಯಪಟ್ಟಣ

ಅಕ್ಕ, ನಂದು ಸ್ವಂತ ಜೆಸಿಬಿ ಐತೆ, ಹಾಸನ, ಚನ್ನರಾಯಪಟ್ಟಣ ಎರಡೂ ಕಡೆ ಕೆಲ್ಸ ಮಾಡ್ತೀನಿ. ಆಲೂರಿನ ಸಾರ್ ಹೇಳಿದ್ದು ಸರಿ, ಅಗೆಯೋರ ಕಡೆಯಿಂದ ನಾನು ಎರಡು ಮಾತು ಹೇಳ್ತೀನಿ.

ನಮ್ಮನ್ನ ಕರೆಯೋರು ಗಂಟೆ ಲೆಕ್ಕದಲ್ಲಿ ಕರೀತಾರೆ. ಬಂದ ತಕ್ಷಣ ‘ಇಲ್ಲಿಂದ ಅಲ್ಲಿಗೆ ಅಗಿ’ ಅಂತಾರೆ. ಕೆಳಗೆ ಏನೈತೆ ಅಂತ ಕೇಳಿದ್ರೆ ‘ಏನೂ ಇಲ್ಲ ಹೊಡಿ’ ಅಂತಾರೆ. ನಕ್ಷೆ ಅನ್ನೋದನ್ನ ನಮ್ ಕೈಗೆ ಯಾರೂ ಕೊಡಲ್ಲ. ಗ್ಯಾಸ್ ಲೈನ್ ಮೇಲೆ ಒಂದಡಿ ಎತ್ತರಕ್ಕೆ ಎಚ್ಚರಿಕೆ ಪಟ್ಟಿ ಹಾಕಿರ್ತಾರೆ, ಅದು ಬಕೆಟ್ ಹಲ್ಲಿಗೆ ಸಿಕ್ಕಿ ಮೇಲೆ ಬಂತು ಅಂದ್ರೆ ಅಲ್ಲೇ ನಿಲ್ಲಿಸ್ಬೇಕು. ಆದ್ರೆ ಹಿಂದೆ ಯಾರೋ ಅಗೆದು ಮುಚ್ಚುವಾಗ ಪಟ್ಟಿ ಕಿತ್ತು ಬಿಸಾಕಿದ್ರೆ ನಮಗೆ ಏನು ಗೊತ್ತಾಗ್ತದೆ?

ಇನ್ನೊಂದು ಮುಖ್ಯವಾದದ್ದು. ಲೈನ್ ಒಡೆದ್ರೆ ಎಲ್ರಿಗೂ ಗೊತ್ತಾಗ್ತದೆ, ಸದ್ದು ಬರ್ತದೆ, ಓಡ್ತಾರೆ. ಬಕೆಟ್ ಹಲ್ಲು ಬರೀ ಗೀರಿದ್ರೆ? ದಂಡ ಹಾಕ್ತಾರೆ, ಗಾಡಿ ಹಿಡಿದು ಕೂರಿಸ್ತಾರೆ ಅನ್ನೋ ಭಯಕ್ಕೆ ಮಣ್ಣು ಎಳೆದು ಮುಚ್ಚಿ ಹೋಗೋರು ಅವ್ರೆ. ನಾನು ಕಣ್ಣಾರೆ ನೋಡಿದೀನಿ. ಆ ಗೀರು ಮುಂದೆ ಏನಾಗ್ತದೋ ದೇವರೇ ಬಲ್ಲ. ಕಂಪನಿಯೋರಿಗೆ ಹೇಳಿ ಅಕ್ಕ, ಗೀರು ಬಿದ್ದದ್ದನ್ನ ತಾನಾಗೇ ಹೇಳ್ದೋನಿಗೆ ದಂಡ ಹಾಕ್ಬೇಡಿ ಅಂತ. ಹಂಗೆ ಮಾಡಿದ್ರೆ ನಮ್ಮೋರು ನೂರಕ್ಕೆ ನೂರು ಫೋನ್ ಮಾಡ್ತಾರೆ.

ಸರ್ಕಾರದ್ದು ಒಂದು ಆ್ಯಪ್ ಐತೆ, ಕಾಲ್ ಬಿಫೋರ್ ಯು ಡಿಗ್ ಅಂತ, 2023ರಲ್ಲಿ ಬಂತು. ಅಗೆಯೋ ಮುಂಚೆ ಅದರಲ್ಲಿ ಹಾಕಿದ್ರೆ ಕೆಳಗೆ ಲೈನ್ ಇರೋ ಕಂಪನಿಗಳಿಗೆ ಸುದ್ದಿ ಹೋಗ್ತದೆ. ದೊಡ್ಡ ಕಂಟ್ರಾಕ್ಟರ್ ಹಾಕ್ಬೋದು. ಮನೆ ಮುಂದೆ ನಲ್ಲಿ ಕನೆಕ್ಷನ್‌ಗೆ ಗುಂಡಿ ತೋಡಿಸೋರು ಯಾರು ಹಾಕ್ತಾರೆ ಹೇಳಿ. ನಿಮ್ ಸಂಘದೋರೇ ಒಬ್ರು ಆ ಜವಾಬ್ದಾರಿ ತಗೊಂಡ್ರೆ ಚೆನ್ನಾಗಿರ್ತದೆ. ಬೀದೀಲಿ ಯಾರೇ ಗುದ್ದಲಿ ಹಿಡಿದು ಬಂದ್ರೂ ಮೊದ್ಲು ನಿಮಗೆ ಹೇಳ್ಬೇಕು ಅಂತ ಮಾಡಿ.

ಉತ್ತರ – ನಿವೃತ್ತ ಅಗ್ನಿಶಾಮಕ, ಹೊಳೆನರಸೀಪುರ

ಸಹೋದರಿ, ಅನಾಹುತ ಆದ ಮೇಲೆ ಮೊದಲ ಹತ್ತು ನಿಮಿಷ ಅಲ್ಲಿರುವವರು ನೀವೇ, ನಾವಲ್ಲ. ಆದ್ದರಿಂದ ಆ ಹತ್ತು ನಿಮಿಷದ ಬಗ್ಗೆ ಬರೆಯುತ್ತೇನೆ.

ಮನೆಯೊಳಗೆ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು. ಹಾಕಲೂ ಬಾರದು, ಆರಿಸಲೂ ಬಾರದು. ಗ್ಯಾಸ್ ಹೊರಗೆ ಹೋಗಲಿ ಎಂದು ಎಕ್ಸಾಸ್ಟ್ ಫ್ಯಾನ್ ಹಾಕುವುದು ನಮ್ಮ ಜನರ ದೊಡ್ಡ ತಪ್ಪು. ಕಿಟಕಿ ಬಾಗಿಲು ತೆರೆಯಿರಿ, ಒಲೆಯ ಹತ್ತಿರದ ವಾಲ್ವ್, ಸಾಧ್ಯವಾದರೆ ಹೊರಗೆ ಮೀಟರ್ ಬಳಿಯ ವಾಲ್ವ್ ಮುಚ್ಚಿ, ಎಲ್ಲರೂ ಹೊರಗೆ ಬನ್ನಿ. ಫೋನ್ ಮಾಡುವುದು ಹೊರಗೆ ಬಂದ ಮೇಲೆ. ಕಂಪನಿಯ ತುರ್ತು ನಂಬರ್, ಜೊತೆಗೆ 112.

ಬೀದಿಯ ಲೈನ್ ಒಡೆದು ಬುಸುಗುಡುತ್ತಿದ್ದರೆ ಹತ್ತಿರ ಯಾರನ್ನೂ ಬಿಡಬೇಡಿ, ಸ್ಕೂಟರ್ ಸ್ಟಾರ್ಟ್ ಮಾಡಿ ಪಕ್ಕಕ್ಕೆ ನಿಲ್ಲಿಸಲೂ ಬಿಡಬೇಡಿ. ಸುತ್ತಲಿನ ಮನೆಗಳವರನ್ನು ಎಬ್ಬಿಸಿ ಹೊರಗೆ ಕಳಿಸಿ; ಇಲ್ಲಿ ಆಲೂರಿನವರು ಹೇಳಿದ ಚರಂಡಿಯ ಮಾತು ಬಹಳ ಮುಖ್ಯ, ಸೋರುವ ಜಾಗದಿಂದ ನಾಲ್ಕು ಮನೆ ಆಚೆಯಿರುವವರಿಗೂ ಅಪಾಯ ಇರಬಹುದು. ಪ್ಲಾಸ್ಟಿಕ್ ಕೊಳವೆಯನ್ನು ಬಗ್ಗಿಸಿ ಹಗ್ಗ ಕಟ್ಟಿ ನಿಲ್ಲಿಸುತ್ತೇನೆ ಎಂದು ಯಾರಾದರೂ ಧೈರ್ಯಶಾಲಿ ಮುಂದೆ ಬಂದರೆ ತಡೆಯಿರಿ. ರಭಸವಾಗಿ ಗ್ಯಾಸ್ ನುಗ್ಗುವಾಗ ಆ ಪ್ಲಾಸ್ಟಿಕ್ ಮೇಲೆ ಸ್ಥಾಯಿ ವಿದ್ಯುತ್ ಸೇರಿಕೊಂಡಿರುತ್ತದೆ, ಬರಿಗೈ ತಾಗಿಸಿದರೆ ಕಿಡಿ ಹಾರಬಹುದು. ಕಂಪನಿಯ ಕೆಲಸಗಾರರು ಒದ್ದೆ ಬಟ್ಟೆಯನ್ನು ಕೊಳವೆಗೆ ಸುತ್ತಿ ಅದರ ತುದಿ ನೆಲಕ್ಕೆ ತಾಗಿಸಿ, ಆಮೇಲೆ ಹಿಚುಕುವ ಉಪಕರಣ ಹಾಕುತ್ತಾರೆ. ಅದು ತರಬೇತಿ ಪಡೆದವರ ಕೆಲಸ.

ಉರಿ ಹತ್ತಿಬಿಟ್ಟಿದ್ದರೆ ಅದನ್ನು ಆರಿಸಲು ಹೋಗಬೇಡಿ. ಕೇಳಲು ವಿಚಿತ್ರ ಎನಿಸಬಹುದು. ವಾಲ್ವ್ ಮುಚ್ಚದೆ ಉರಿ ಮಾತ್ರ ಆರಿಸಿದರೆ ಗ್ಯಾಸ್ ಬರುತ್ತಲೇ ಇರುತ್ತದೆ, ಸುತ್ತ ತುಂಬಿಕೊಂಡು ಒಮ್ಮೆಲೇ ಹತ್ತುತ್ತದೆ. ಉರಿಯುತ್ತಿರಲಿ, ಸುತ್ತಲಿನ ಗೋಡೆ, ವಾಹನಗಳಿಗೆ ನೀರು ಹೊಡೆದು ಕಾಪಾಡಿಕೊಳ್ಳುತ್ತೇವೆ, ಅಷ್ಟರಲ್ಲಿ ವಾಲ್ವ್ ಮುಚ್ಚಬೇಕು. ಹಾಗಾಗಿ ನಿಮ್ಮ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಲು ಅವಕಾಶ ಸಿಕ್ಕರೆ, ‘ನಮ್ಮ ಬೀದಿಯ ಗ್ಯಾಸ್ ನಿಲ್ಲಿಸುವ ವಾಲ್ವ್ ಎಲ್ಲಿದೆ, ರಾತ್ರಿ ಎರಡು ಗಂಟೆಗೆ ಅದನ್ನು ಮುಚ್ಚಲು ಯಾರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ’ ಎಂದು ಕೇಳಿ.

ಸಾಲಗಾಮೆ ರಸ್ತೆ ನಿವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ಎಲ್ಲವನ್ನೂ ಪ್ರಿಂಟ್ ತೆಗೆದು ಸಂಘದವರಿಗೆ ಓದಿ ಹೇಳಿದೆ. ಜೆಸಿಬಿ ಅಣ್ಣ ಹೇಳಿದ ಹಾಗೆ ಬೀದಿಯಲ್ಲಿ ಅಗೆಯುವವರ ಲೆಕ್ಕ ಇಡೋಕೆ ಒಬ್ಬ ನಿವೃತ್ತ ಮೇಷ್ಟ್ರು ಒಪ್ಪಿಕೊಂಡಿದ್ದಾರೆ, ರಿಜಿಸ್ಟರ್ ಕೂಡ ತಂದಾಯ್ತು.

ಆಲೂರಿನ ಸರ್, ಇನ್ನೆರಡು ಅನುಮಾನ. ನಮ್ಮ ಬಡಾವಣೆಯಲ್ಲಿ ಗಣಪತಿ ಕೂರಿಸ್ತೀವಿ, ಪೆಂಡಾಲಿಗೆ ರಸ್ತೆ ಪಕ್ಕ ಗುಂಡಿ ತೆಗೆದು ಕಂಬ ನೆಡ್ತಾರೆ. ಅದು ಲೈನಿಗೆ ತೊಂದರೆಯಾ? ಇನ್ನೊಂದು, ನಮ್ಮಲ್ಲಿ ಚಳಿ, ಮಳೆ ಎರಡೂ ಜಾಸ್ತಿ, ಅಡುಗೆಮನೆ ಕಿಟಕಿ ಮುಚ್ಚಿಕೊಂಡೇ ಇರ್ತೀವಿ. ಈಗ ಸಿಲಿಂಡರ್‌ಗೆ ಅಂತ ಕೆಳಗಡೆ ಒಂದು ಜಾಲರಿ ಇದೆ, ಅದು ಸಾಕಾಗುತ್ತಾ?

ಆಲೂರಿನವ

ಮೇಡಂ, ಜಾಲರಿ ಸಾಕಾಗುವುದಿಲ್ಲ. ಎಲ್‌ಪಿಜಿ ಕೆಳಗೆ ಕೂರುತ್ತದೆ, ಅದಕ್ಕೆ ಕೆಳಗೆ ಕಿಂಡಿ ಇಟ್ಟರು. ಲೈನ್ ಗ್ಯಾಸ್ ಛಾವಣಿಗೆ ಹೋಗಿ ನಿಲ್ಲುತ್ತದೆ, ಆದ್ದರಿಂದ ಗೋಡೆಯ ಮೇಲ್ತುದಿಯಲ್ಲಿ, ಛಾವಣಿಗೆ ಹತ್ತಿರ, ಮುಚ್ಚಲಾಗದಂಥ ಒಂದು ಕಿಂಡಿ ಬೇಕು. ಮಳೆ ಹೊಡೆಯದ ಹಾಗೆ ಹೊರಗೆ ಓರೆ ಹಲಗೆ ಹಾಕಿಸಿ. ಕನೆಕ್ಷನ್ ಕೊಡಲು ಬಂದವರೇ ಇದನ್ನು ನೋಡಬೇಕು, ನೋಡದೆ ಹೋದರೆ ಸಹಿ ಹಾಕಬೇಡಿ. ಒಲೆಯ ಜೆಟ್ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುದಿ) ಬದಲಿಸುವುದೂ ಅವರ ಕೆಲಸ. ಸಿಲಿಂಡರ್ ಗ್ಯಾಸಿನ ಜೆಟ್ ಇದಕ್ಕೆ ಹೊಂದುವುದಿಲ್ಲ, ಪರಿಚಯದ ಒಲೆ ರಿಪೇರಿಯವರ ಕೈಲಿ ತೂತು ದೊಡ್ಡದು ಮಾಡಿಸಬೇಡಿ. ಒಲೆಗೆ ಬರುವ ರಬ್ಬರ್ ಟ್ಯೂಬಿನ ಮೇಲೆ ತಾರೀಖು ಇರುತ್ತದೆ, ಅದು ಮುಗಿಯುವ ಮುಂಚೆ ಬದಲಿಸಿ. ಇಲಿ ಕಾಟ ಇರುವ ಮನೆಯಾದರೆ ತಿಂಗಳಿಗೊಮ್ಮೆ ಟ್ಯೂಬನ್ನು ಕೈಯಲ್ಲಿ ಸವರಿ ನೋಡಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಪೆಂಡಾಲ್ ಕಂಬದ ವಿಷಯ. ಬೀದಿಯ ಮುಖ್ಯ ಕೊಳವೆ ಒಂದು ಮೀಟರ್ ಆಳದಲ್ಲಿ ಇದ್ದರೆ ಒಂದೆರಡು ಅಡಿಯ ಗುಂಡಿ ಅದಕ್ಕೆ ಮುಟ್ಟುವುದಿಲ್ಲ. ಆದರೆ ಆ ‘ಇದ್ದರೆ’ ಎಂಬುದನ್ನು ನಂಬಬೇಡಿ. ಮುಂದೆ ಕಾಂಕ್ರೀಟ್ ರಸ್ತೆ ಹಾಕುವಾಗ ನೆಲ ಕೊರೆದು ತಗ್ಗಿಸುತ್ತಾರೆ, ಮೇಲಿನ ಮಣ್ಣು ಹೋಗಿ ಒಂದು ಮೀಟರ್ ಅರ್ಧ ಮೀಟರ್ ಆಗುತ್ತದೆ, ಕೊಳವೆ ಮಾತ್ರ ಅಲ್ಲೇ ಇರುತ್ತದೆ. ಮನೆಗಳಿಗೆ ಹೋಗುವ ಸಣ್ಣ ಕೊಳವೆ ಗೋಡೆಯ ಹತ್ತಿರ ಮೇಲಕ್ಕೇರುವುದರಿಂದ ಅಲ್ಲಿ ಆಳ ಇನ್ನೂ ಕಡಿಮೆ, ಕಂಬ ನೆಡುವುದೂ ಅಲ್ಲೇ. ಗುಂಡಿ ತೆಗೆಯುವುದನ್ನೇ ಬಿಟ್ಟು, ಮರಳು ತುಂಬಿದ ಡ್ರಮ್ಮಿನಲ್ಲಿ ಕಂಬ ನಿಲ್ಲಿಸಿ. ಗಣಪತಿಗೆ ಅಷ್ಟು ಮಾಡಲು ಹುಡುಗರು 'ಇಲ್ಲ' ಎನ್ನುವುದಿಲ್ಲ.

ಜೆಸಿಬಿ ಅಣ್ಣ ಬರೆದ ಗೀರಿನ ಮಾತಿಗೆ ಒಂದು ಸೇರಿಸುತ್ತೇನೆ. ಪ್ಲಾಸ್ಟಿಕ್ ಕೊಳವೆಯ ಗೋಡೆಯ ದಪ್ಪದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಆಳವಾಗಿ ಗೀರು ಬಿದ್ದರೆ ಆ ತುಂಡನ್ನು ಕತ್ತರಿಸಿ ಹೊಸದು ಜೋಡಿಸಬೇಕು. ಕಾರಣ, ಒತ್ತಡದಲ್ಲಿ ಆ ಗೀರು ನಿಧಾನವಾಗಿ ಒಳಕ್ಕೆ ಬೆಳೆಯುತ್ತದೆ, ವರ್ಷಗಳಾದ ಮೇಲೆ ಬಾಯಿ ಬಿಡುತ್ತದೆ. ಹೇಳಿದವನಿಗೆ ದಂಡ ಇಲ್ಲ ಎಂಬ ಮಾತನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಕಂಪನಿಯವರ ಸಹಿ ಹಾಕಿಸಿಕೊಳ್ಳಿ. ನಾನು ಕೆಲಸ ಮಾಡುವ ಕಡೆ ಹಾಗೆ ಮಾಡಿದ ಮೇಲೆ ಅಗೆಯುವವರೇ ಫೋನ್ ಮಾಡಿ ಕರೆಯಲು ಶುರುಮಾಡಿದರು.

ಮತ್ತೊಂದು. ಕೊಳವೆ ಜೋಡಿಸುವ ದಿನ ಯಾರಾದರೂ ಹೋಗಿ ನಿಂತು ನೋಡಿ. ಎರಡು ತುದಿಗಳನ್ನು ಕಪ್ಲರ್ ಎಂಬ ಜೋಡಣೆ ತುಂಡಿನ ಒಳಗೆ ಸೇರಿಸಿ ಕರೆಂಟ್ ಕೊಟ್ಟು ಕರಗಿಸಿ ಒಂದು ಮಾಡುತ್ತಾರೆ. ಅದಕ್ಕೂ ಮುಂಚೆ ಕೊಳವೆಯ ಮೇಲ್ಪದರವನ್ನು ಸುತ್ತಲೂ ಹೆರೆಯಬೇಕು, ಹೊಳಪು ಹೋಗಿ ಮಂಕಾಗಬೇಕು, ತೆಳುವಾದ ಸಿಪ್ಪೆ ಬೀಳುವುದು ಕಾಣಬೇಕು. ಹೆರೆದ ಮೇಲೆ ಬೆವರಿನ ಕೈಯಲ್ಲಿ ಮುಟ್ಟಬಾರದು. ಕ್ಲಾಂಪ್ ಹಾಕಿ ಅಲುಗಾಡದಂತೆ ಹಿಡಿಯಬೇಕು, ಕರಗಿಸಿದ ಮೇಲೆ ಆರುವವರೆಗೆ ಕ್ಲಾಂಪ್ ತೆಗೆಯಬಾರದು. ನಮ್ಮ ಕಡೆಯ ಜಡಿಮಳೆಯಲ್ಲಿ, ಕೆಸರು ನೀರು ನಿಂತ ಗುಂಡಿಯಲ್ಲಿ ಈ ಕೆಲಸ ಮಾಡುತ್ತಿದ್ದರೆ ನಿಲ್ಲಿಸಿ ಎನ್ನಿ. ಮೇಲೆ ಟಾರ್ಪಾಲು ಕಟ್ಟಿ, ನೀರು ಎತ್ತಿ, ಒರೆಸಿ ಒಣಗಿಸಿ ಮಾಡಲಿ. ಕೆಸರು ಸೇರಿದ ಜೋಡಣೆ ಒತ್ತಡ ಪರೀಕ್ಷೆಯಲ್ಲಿ ಪಾಸಾಗಬಹುದು, ಆಮೇಲೆ ಬಿಟ್ಟುಕೊಳ್ಳಬಹುದು. ಓಡಿಸುವ ಒತ್ತಡದ ಒಂದೂವರೆ ಪಟ್ಟು ಹಾಕಿ ಪರೀಕ್ಷೆ ಮಾಡುತ್ತಾರೆ, ಆ ಚಾರ್ಟಿನ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ.

ವಾಲ್ವ್ ಚೇಂಬರಿನ ಮುಚ್ಚಳಕ್ಕೆ ಹಳದಿ ಬಣ್ಣ ಬಳಿಸಿ, ಎದುರಿನ ಕಾಂಪೌಂಡಿನ ಮೇಲೆ ‘ಇಲ್ಲಿಂದ ಇಷ್ಟು ಮೀಟರ್’ ಎಂದು ಬರೆಸಿ. ಅದರ ಮೇಲೆ ಕಾರು ನಿಲ್ಲಿಸುವುದನ್ನು ಮೇಷ್ಟ್ರು ತಡೆಯಬೇಕಾಗುತ್ತದೆ, ರಾತ್ರಿ ಹೊತ್ತು ಕಾರಿನ ಮಾಲೀಕರನ್ನು ಹುಡುಕುತ್ತಾ ನಿಂತ ಅನುಭವ ನಮಗೆ ಬೇಕಾದಷ್ಟಿದೆ. ಭಾನುವಾರ ಅವರು ತರುವ ನಕ್ಷೆಯ ಫೋಟೊ ಇಲ್ಲಿ ಹಾಕಿ, ಮನೆ ನಂಬರುಗಳನ್ನು ಮುಚ್ಚಿ ಹಾಕಿದರೆ ಸಾಕು. ಯುಜಿಡಿ ಅಡ್ಡ ಬರುವ ಜಾಗಗಳನ್ನು ನಾನು ಗುರುತು ಹಾಕಿಕೊಡುತ್ತೇನೆ.